ಡೈರಿ ಅಕ್ಕನ ಎರಡು ಪುಸ್ತಕ

ಕರಾಟೆ ತರಗತಿಯಲ್ಲಿ ಅವಳಿಗೆ ಡೈರಿ ಅಕ್ಕ ಎಂದೇ ಹೆಸರು. ಬೆಲ್ಟಿನ ಗಂಟು ಬಿಚ್ಚುವ ಮೊದಲೇ ಗೋಡೆಗೊರಗಿ ಕೂತು ಅಂದಿನ ಅಭ್ಯಾಸವನ್ನು ಬರೆದುಬಿಡುತ್ತಿದ್ದಳು: ಬಲಗಾಲಿನ ಒದೆತ ಎಂಬತ್ತು, ಎಡಗಾಲು ಇನ್ನೂ ಸೋಮಾರಿ, ಏಟು ತಡೆಯುವಾಗ ಮೊಣಕೈ ಹೊರಗೆ ಹೋಗುತ್ತದೆ. ಹಗಲೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಚಾದರ ಮಡಚಿ ಮಡಚಿ ಹೆಗಲು ಸೋತಿರುತ್ತಿತ್ತು. ಅದನ್ನೂ ಬರೆಯುತ್ತಿದ್ದಳು.

ಆಸೆ ಒಂದೇ. ಕಪ್ಪು ಬೆಲ್ಟು ಸಿಕ್ಕರೆ ಮಕ್ಕಳ ತರಗತಿ ನಿನಗೇ ಎಂದು ಮಾಸ್ಟರು ಮಾತು ಕೊಟ್ಟಿದ್ದರು. ಚಾದರಗಳಿಗೆ ಕೈಮುಗಿದು ಹೊರಬರಬಹುದಿತ್ತು. ಪರೀಕ್ಷೆಗೆ ಕೂರಲು ಒಂದು ವರ್ಷದ ಅಭ್ಯಾಸದ ಪುಸ್ತಕ ಒಪ್ಪಿಸಬೇಕು. ಮಗಳಿಗೆ ಮೂರು ತಿಂಗಳು ತುಂಬಿದ ದಿನ ಅವಳು ಆ ಪುಸ್ತಕ ಶುರುಮಾಡಿದಳು.

ಪುಸ್ತಕದಲ್ಲಿ ಸುಳ್ಳು ಬರೆದರೆ ಮೋಸಹೋಗುವವಳು ತಾನೇ ಎಂಬುದು ಅವಳ ವಾದ. ಹಾಗಾಗಿ ಮಾಡದ ದಿನಗಳೂ ಅದರಲ್ಲಿದ್ದವು. “ಅಭ್ಯಾಸ ಇಲ್ಲ. ಮಗಳಿಗೆ ಜ್ವರ, ಎದೆಯಿಂದ ಇಳಿಯಲಿಲ್ಲ.” “ಅಭ್ಯಾಸ ಇಲ್ಲ. ನಿಂತಲ್ಲೇ ನಿದ್ದೆ ಬಂತು.” “ಅಭ್ಯಾಸ ಇಲ್ಲ. ಇವಳು ಇವತ್ತು ಮೂರು ಹೆಜ್ಜೆ ಇಟ್ಟಳು, ಮೂರನೆಯದಕ್ಕೆ ನನ್ನ ಮೇಲೇ ಬಿದ್ದಳು.”

ಮಾಸ್ಟರು ಪುಟ ತಿರುವಿ ಹಣೆ ಚಚ್ಚಿಕೊಂಡರು.

“ಏನಮ್ಮಾ ಇದು? ಅಭ್ಯಾಸದ ಪುಸ್ತಕನೋ ಬಾಣಂತಿ ಪುರಾಣನೋ?”

“ನಡೆದಿದ್ದನ್ನ ಬರೆದಿದೀನಿ ಸರ್.”

“ನಡೆದಿದ್ದು ಯಾರಿಗೆ ಬೇಕು? ಅರವತ್ತು ದಿನ ಖಾಲಿ! ಮೇಲಿನೋರು ನೋಡಿದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ. ಶುಕ್ರವಾರದೊಳಗೆ ಇನ್ನೊಂದು ತಾ. ತುಂಬಿರಲಿ, ಅಷ್ಟೆ.”

ಗಂಡ ಕೇಳಿ ನಕ್ಕ. “ಹರಿಶ್ಚಂದ್ರನ ತುಂಡು ಕಣೇ ನೀನು. ಬರೆದು ಬಿಸಾಕು, ಯಾರ ತಲೆ ಹೋಗುತ್ತೆ?”

ಮಗಳು ಮಲಗಿದ ಮೇಲೆ ಎರಡು ರಾತ್ರಿ ಕೂತು ಹೊಸ ಪುಸ್ತಕ ಸಿದ್ಧಮಾಡಿದಳು. ಜ್ವರದ ದಿನಕ್ಕೆ ನೂರು ಒದೆತ. ಮೂರು ಹೆಜ್ಜೆಯ ದಿನ ಬಂದಾಗ ಪೆನ್ನು ತುಸು ತಡೆಯಿತು. ಆಮೇಲೆ ಅಲ್ಲಿಗೂ ನೂರಿಪ್ಪತ್ತು ಬರೆದಳು. ಒಂದೇ ಸಲ ಕೂತು ಬರೆದಂತೆ ಕಾಣಬಾರದೆಂದು ನಡುನಡುವೆ ಪೆನ್ನು ಬದಲಿಸಿದಳು. ಸುಳ್ಳಿನಲ್ಲೂ ಅಚ್ಚುಕಟ್ಟು ಬಿಡದ ಹೆಂಗಸು. ಮಾಸ್ಟರು ಒಂದು ಪುಟವನ್ನೂ ಓದದೆ ಕೊನೆಯಲ್ಲಿ ಸಹಿ ಗೀಚಿದರು.

ಪರೀಕ್ಷೆಯಲ್ಲಿ ಒದ್ದ ಕಾಲುಗಳು ಮಾತ್ರ ಅವಳವೇ. ಕಪ್ಪು ಬೆಲ್ಟು ಬಂತು, ಮಕ್ಕಳ ತರಗತಿಯೂ ಬಂತು.

ಎರಡು ತಿಂಗಳಾಗಿರಬೇಕು. ಐದು ತಿಂಗಳ ಕೂಸನ್ನು ಅತ್ತೆಯ ಬಳಿ ಬಿಟ್ಟು ಕಲಿಯಲು ಬರುತ್ತಿದ್ದ ಹೊಸ ಹುಡುಗಿಯೊಬ್ಬಳು ಮೂರು ದಿನ ತಪ್ಪಿಸಿ ಬಂದು ನಿಂತಳು. ಮಾಸ್ಟರು ಕಪಾಟಿನಿಂದ ಆ ಎರಡನೆಯ ಪುಸ್ತಕ ತೆಗೆದು ಎಲ್ಲರೆದುರು ಎತ್ತಿಹಿಡಿದರು.

“ನೋಡಿ! ನಮ್ಮ ಡೈರಿ ಅಕ್ಕಂಗೂ ಕೈಗೂಸಿತ್ತು. ವರ್ಷದಲ್ಲಿ ಒಂದು ದಿನ ತಪ್ಪಿಸಿದಾಳಾ ಕೇಳಿ!”

ಹುಡುಗಿ ಅವಳ ಕಡೆ ತಿರುಗಿದಳು. ಕಣ್ಣ ಕೆಳಗೆ ಕಪ್ಪು, ಅಂಗಿಯ ಎದೆಯಲ್ಲಿ ಹಾಲಿನ ಒದ್ದೆ.

“ಹೌದಾ ಅಕ್ಕಾ? ಒಂದು ದಿನಾನೂ?”

ಮಾಸ್ಟರು ಡೈರಿ ಅಕ್ಕನನ್ನೇ ನೋಡುತ್ತಿದ್ದರು. ಹೊರಗೆ ಅವಳ ತರಗತಿಯ ಮಕ್ಕಳು ಆಗಲೇ ಚಪ್ಪಲಿ ಬಿಡುತ್ತಿದ್ದರು.

“ಹೌದಮ್ಮ,” ಎಂದಳು.

“ಹಾಗಾದ್ರೆ ನಾನೇ ಸರಿ ಇಲ್ಲ ಬಿಡಿ,” ಎಂದು ಹುಡುಗಿ ನಕ್ಕಳು.

ಮರುದಿನ ಹುಡುಗಿ ಬರಲಿಲ್ಲ, ಅದರ ಮರುದಿನವೂ ಇಲ್ಲ. ಬಾಗಿಲ ಕಡೆ ನೋಡುತ್ತಿದ್ದವಳು ಡೈರಿ ಅಕ್ಕ ಒಬ್ಬಳೇ.