ಖಾಲಿ ಸಭಾಂಗಣದ ಏಕವಾದಕಿ

ಬ್ರೇಕಕ್ಕನಿಗೆ ಸಿಟ್ಟು ಬಂದರೆ ಬಾಯಿ ಬಿಗಿಯುತ್ತದೆ, ಬಲಗಾಲು ನೆಲ ಒತ್ತುತ್ತದೆ. ಅದು ಕಸುಬು ಅಂಟಿಸಿದ ಚಾಳಿ. ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು ಅವಳು. ಕಲಿಯುವವರು ಸ್ಟೇರಿಂಗ್ ಹಿಡಿದು ಕೂತರೆ ಇವಳು ಪಕ್ಕದ ಸೀಟಿನಲ್ಲಿ. ಆ ಸೀಟಿನ ಮುಂದೆಯೂ ಕಾಲಿಗೆ ಸಿಗುವ ಹಾಗೆ ಇನ್ನೊಂದು ಬ್ರೇಕ್. ಬಸ್ಸಿನ ಬೆನ್ನಿಗೂ ದೀಪದ ಕಂಬಕ್ಕೂ ಗುರಿಯಿಟ್ಟು ಹೋಗುವವರನ್ನು ದಿನವಿಡೀ ಕಾಲಲ್ಲೇ ತಡೆದು, ಸಂಜೆ ಮನೆಗೆ ಬಂದು ಚೆಲ್ಲೋ ಎತ್ತಿಕೊಳ್ಳುತ್ತಿದ್ದಳು. ಚೆಲ್ಲೋ ಅಂದರೆ ಪಿಟೀಲಿನ ದೊಡ್ಡಣ್ಣ. ನೆಲಕ್ಕೂರಿ, ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವ ವಾದ್ಯ.

ಊರಿನ ವಾದ್ಯವೃಂದ ಅವಳಂಥವರದೇ. ಬೀಗ ರಿಪೇರಿಯವನು ಪಿಟೀಲು, ಹಲ್ಲಿನ ಡಾಕ್ಟರು ತುತ್ತೂರಿ, ಆಸ್ಪತ್ರೆಯ ನರ್ಸಮ್ಮ ಕೊಳಲು. ಕೆಲಸ ಮುಗಿಸಿ, ಮುಖ ತೊಳೆದುಕೊಂಡು, ಸಭಾಂಗಣಕ್ಕೆ ಓಡಿಬಂದು ನುಡಿಸುವ ಜನ. ಚಳಿ ಶುರುವಾದಾಗ ಸೀಸನ್ ಶುರು, ಬಿಸಿಲು ಕಾಲಿಟ್ಟಾಗ ಮುಗಿತಾಯ. ನಡುವೆ ಒಂದಷ್ಟು ಕಛೇರಿಗಳು, ಪ್ರತಿ ಕಛೇರಿಗೂ ಹೊರಗಿನಿಂದ ಬಂದು, ಮುಂದೆ ಕೂತು ಮುಖ್ಯ ಪಾಲು ನುಡಿಸುವ ಒಬ್ಬ ದೊಡ್ಡ ಏಕವಾದಕ. ದೊಡ್ಡವರು ಎಂದರೆ ಗೊತ್ತಲ್ಲ, ಅವರಿಗೆ ಪುರುಸೊತ್ತಿರುವುದಿಲ್ಲ. ಕಛೇರಿಯ ಹಿಂದಿನ ದಿನ ಬಂದು, ಒಂದು ಸಲ ಜೊತೆಯಲ್ಲಿ ನುಡಿಸಿ, ಮರುದಿನ ಚಪ್ಪಾಳೆ ಕಟ್ಟಿಕೊಂಡು ಹೋಗುತ್ತಾರೆ. ಹಾಗಾದರೆ ವಾರಗಟ್ಟಲೆ ನಡೆಯುವ ರಿಹರ್ಸಲ್‌ನಲ್ಲಿ ಏಕವಾದಕನ ಪಾಲನ್ನು ನುಡಿಸುವವರು ಯಾರು? ಬ್ರೇಕಕ್ಕ. ಬರುವವರು ಪಿಟೀಲಿನವರಾಗಲಿ, ಕೊಳಲಿನವರಾಗಲಿ, ಅವರ ಪಾಲನ್ನೆಲ್ಲ ಇವಳು ಚೆಲ್ಲೋದಲ್ಲೇ ನುಡಿಸಿ ವೃಂದಕ್ಕೆ ದಾರಿ ತೋರಿಸಬೇಕು. ಅತಿಥಿ ಬಂದ ಕೂಡಲೇ ಮುಂಭಾಗದ ಕುರ್ಚಿ ಬಿಟ್ಟು, ಚೆಲ್ಲೋ ಸಾಲಿನ ಕಟ್ಟಕಡೆಗೆ ಹೋಗಿ ಕೂರಬೇಕು. ಇದಕ್ಕೆ ಇಟ್ಟ ಹೆಸರು ‘ಬದಲಿ’.

ಮದುವೆಯಾದ ಹೊಸದರಲ್ಲಿ ಹಿಡಿದ ಬದಲಿ ಕೆಲಸ. ಈಗ ಮಗಳೇ ಮದುವೆಯ ವಯಸ್ಸಿಗೆ ಬಂದಿದ್ದಾಳೆ. ಇಷ್ಟು ಕಾಲದಲ್ಲಿ ಇವಳು ಆ ವೇದಿಕೆಯ ಮುಂಗುರ್ಚಿಯಲ್ಲಿ ಕೂತು ನುಡಿಸದ ಕೃತಿ ಇಲ್ಲ, ಆದರೆ ಒಮ್ಮೆಯೂ ಎದುರಿನ ಸೀಟುಗಳಲ್ಲಿ ಜನ ಇರಲಿಲ್ಲ. ಇದ್ದದ್ದು ಒಬ್ಬಳೇ, ಅವಳ ಅತ್ತೆ. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಅಂತ ಉಣ್ಣೆಯ ಚೀಲ ಹಿಡಿದು ಬಂದು, ಕತ್ತಲ ಸೀಟುಗಳ ನಡುವೆ ಸ್ವೆಟರ್ ಹೆಣೆಯುತ್ತಾ ಕೇಳುವವಳು. ಅತ್ತೆ-ಸೊಸೆ ಮನೆಯಲ್ಲಿ ಹಾವು-ಮುಂಗುಸಿ. ಸಂಗೀತದ ವಿಷಯದಲ್ಲಿ ಮಾತ್ರ ಅತ್ತೆಯ ತೀರ್ಪು ನೇರ. "ಬಂದೋರು ನಿನ್ನಷ್ಟು ಚೆನ್ನಾಗಿ ನುಡಿಸಲಿಲ್ಲ," ಅನ್ನುವಳು, ಅಥವಾ "ಬಂದೋರೇ ವಾಸಿ, ಈ ಸಲ ನೀನು ಎಮ್ಮೆ ಓಡಿಸಿದ ಹಾಗೆ ನುಡಿಸಿದೆ."

ಕಳೆದ ಸೀಸನ್ ಶುರುವಾಗುವ ಮುಂಚೆ ಮೇಷ್ಟ್ರು ಎಲ್ಲರ ಮುಂದೆ ಒಂದು ಮಾತು ಆಡಿದರು. ಮೇಷ್ಟ್ರು ಅಂದರೆ ಕೋಲು ಹಿಡಿದು ವೃಂದ ನಡೆಸುವವರು, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. "ಈ ಸಲ ಕೊನೆಯ ಕಛೇರಿಗೆ ಹೊರಗಿನವರು ಬೇಡ. ಚೆಲ್ಲೋ ಕೃತಿ, ನಮ್ಮ ಬ್ರೇಕಕ್ಕನೇ ಏಕವಾದಕಿ," ಎಂದರು. ನರ್ಸಮ್ಮ ಬಂದು ಅಪ್ಪಿಕೊಂಡಳು. ಬೀಗದವನು ಪಿಟೀಲಿನ ಬೆನ್ನು ತಟ್ಟಿದ. ಮನೆಗೆ ಹೋಗುವ ದಾರಿಯಲ್ಲಿ ಬ್ರೇಕಕ್ಕ ಅತ್ತೆಯ ಉಣ್ಣೆಯ ಚೀಲ ತಾನೇ ಹಿಡಿದುಕೊಂಡಳು. ಅತ್ತೆ ಸುಮ್ಮನಿರುವವಳೇ? "ಕೊನೆಗೂ ನಿನ್ನ ಕೇಳೋಕೆ ನಾನೊಬ್ಬಳೇ ಸಾಯಬೇಕಾಗಿಲ್ಲ," ಎಂದಳು.

ಅಂದಿನಿಂದ ಆ ಕೃತಿಯೇ ಉಸಿರು. ಗಂಡ ಕನ್ನಡಕದ ಅಂಗಡಿಯಿಂದ ಬಂದರೆ ಅಡುಗೆಮನೆಯಲ್ಲಿ ಚೆಲ್ಲೋ, ಹಾಲ್‌ನಲ್ಲಿ ಚೆಲ್ಲೋ. ಪಾಪದ ಮನುಷ್ಯ, ಟಿವಿಯ ಸದ್ದು ಅಡಗಿಸಿ ಬರೀ ಚಿತ್ರ ನೋಡುವುದನ್ನು ಕಲಿತ. ಸೀಸನ್‌ನ ಮೊದಲ ಕಛೇರಿಗಳೆಲ್ಲ ಎಂದಿನಂತೆ ಕಳೆದವು. ಅತಿಥಿಗಳು ಬಂದರು, ಹೋದರು, ಇವಳು ಮುಂದೆ ಕೂತಳು, ಹಿಂದೆ ಹೋದಳು. ಈ ಸಲ ಅದು ಚುಚ್ಚಲಿಲ್ಲ.

ಕೊನೆಯ ಕಛೇರಿಯ ರಿಹರ್ಸಲ್ ಶುರುವಾಗುವ ದಿನ ಮೇಷ್ಟ್ರು ಅವಳನ್ನು ವಾದ್ಯದ ಪೆಟ್ಟಿಗೆಗಳ ಕೋಣೆಗೆ ಕರೆದರು. ಅವರ ಪಕ್ಕದಲ್ಲಿ ವೃಂದದ ಅಧ್ಯಕ್ಷ, ಸೋಫಾ ಅಂಗಡಿಯ ಯಜಮಾನ. ಇಬ್ಬರ ಮುಖವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು.

"ಒಂದು ಒಳ್ಳೆ ಸುದ್ದಿ," ಎಂದ ಅಧ್ಯಕ್ಷ. "ಆ ಹೆಸರಾಂತ ಚೆಲ್ಲೋ ವಾದಕ ಇದ್ದಾರಲ್ಲ, ಅವರಿಗೆ ಅದೇ ದಿನ ಬಿಡುವಂತೆ. ಒಪ್ಕೊಂಡಿದ್ದಾರೆ. ಪೋಸ್ಟರ್ ಆಗಲೇ ಅಂಟಿಸಿದ್ದೀವಿ."

"ನೀವು ಅರ್ಥ ಮಾಡ್ಕೋತೀರಿ ಅಂತ ಗೊತ್ತಿತ್ತು," ಎಂದರು ಮೇಷ್ಟ್ರು, ಇವಳು ಬಾಯಿ ತೆರೆಯುವ ಮುಂಚೆಯೇ. ಆಮೇಲೆ ಪೆಟ್ಟಿಗೆಗಳ ಕಡೆ ನೋಡುತ್ತಾ ಹೇಳಿದರು: "ಅವರು ಬರೋತನಕ ರಿಹರ್ಸಲ್‌ಗೆ ಹೇಗೂ ನೀವಿದ್ದೀರಲ್ಲ."

ಹೇಗೂ ನೀವಿದ್ದೀರಲ್ಲ. ಒದ್ದು ಬೀಳಿಸಿ, ಬಿದ್ದವಳ ಕೈಗೇ ಪೊರಕೆ ಕೊಟ್ಟ ಹಾಗೆ. ಬ್ರೇಕಕ್ಕನ ಮೈಯೆಲ್ಲ ಉರಿಯಿತು. ಮೂಗಿಗೆ ತುಪ್ಪ ಸವರಿ ಚಳಿಗಾಲ ಪೂರ್ತಿ ಅದರ ವಾಸನೆಯಲ್ಲೇ ಕೂರಿಸಿದ್ದರು. ಎಲ್ಲರ ಮುಂದೆ ಕೊಟ್ಟ ಮಾತನ್ನು ಪೆಟ್ಟಿಗೆ ಕೋಣೆಯಲ್ಲಿ ವಾಪಸು ತಗೊಳ್ಳುವ ಇವರನ್ನು ಏನೆಂದು ಕರೆಯಬೇಕು, ನೀವೇ ಹೇಳಿ. ಅವಳ ಬಲಗಾಲು ನೆಲ ಒತ್ತಿತು. ಬಾಯಿಂದ ಬಂದದ್ದು ಒಂದೇ ಮಾತು: "ಕುರ್ಚಿ ಹಾಕಿ."

ಮನೆಯಲ್ಲಿ ಅತ್ತೆ ಅವಳ ಮೇಲೆ ಹರಿಹಾಯ್ದಳು. "ಒಪ್ಕೊಂಡು ಬಂದೆಯಾ? ನಂಗೆ ತಿರುಗಿ ಮಾತಾಡೋಕೆ ಇರೋ ನಾಲಿಗೆ ಅಲ್ಲಿ ಎಲ್ಲಿ ಹೋಗಿತ್ತು?"

"ನುಡಿಸ್ತೀನಿ ಅತ್ತೆ. ಮರೆಯೋಕಾಗದ ಹಾಗೆ ನುಡಿಸ್ತೀನಿ. ಆಮೇಲೆ ಅವರು ಯಾರನ್ನ ಬೇಕಾದ್ರೂ ಕೂರಿಸಿಕೊಳ್ಳಲಿ," ಎಂದಳು ಬ್ರೇಕಕ್ಕ.

ಅದನ್ನು ಸಿಟ್ಟಿನಲ್ಲೇ ಹೇಳಿದಳು, ಸಿಟ್ಟಿನಲ್ಲೇ ಮಾಡಿದಳು. ಆ ಕೃತಿಯ ಎರಡನೆಯ ಭಾಗದಲ್ಲಿ ಒಂದು ಜಾಗ ಇದೆ. ಚೆಲ್ಲೋ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋಗಿ, ತುತ್ತತುದಿಯ ಸ್ವರಕ್ಕೆ ಮುಂಚೆ ನಿಲ್ಲುತ್ತದೆ. ಎಷ್ಟು ಹೊತ್ತು ನಿಲ್ಲಬೇಕು ಎಂಬುದು ನುಡಿಸುವವರಿಗೆ ಬಿಟ್ಟದ್ದು. ತುದಿಯ ಸ್ವರ ಬಂದಾಗ ಇಡೀ ವೃಂದ ಜೊತೆಗೂಡಬೇಕು. ಬೇರೆಯವರು ಅಲ್ಲಿ ಉಸಿರೆಳೆಯುವಷ್ಟು ನಿಂತು ಮುಂದೆ ಹೋಗುತ್ತಾರೆ. ಬ್ರೇಕಕ್ಕ ನಿಂತಳು ಎಂದರೆ ನಿಂತೇಬಿಟ್ಟಳು. ಮೊದಲ ಸಲ ಹಲ್ಲಿನ ಡಾಕ್ಟರು ಅವಸರಪಟ್ಟು ತುತ್ತೂರಿ ಊದಿ ನಗೆಪಾಟಲಾದರು. ಕೊನೆಗೆ ಮೇಷ್ಟ್ರು ಕೋಲು ಕೆಳಗಿಟ್ಟು ಅಪ್ಪಣೆ ಕೊಡಿಸಿದರು: "ಈ ಜಾಗದಲ್ಲಿ ಯಾರೂ ನನ್ನ ನೋಡಬೇಡಿ. ಅವರ ಕಮಾನು ನೋಡಿ. ಅದು ಎದ್ದಾಗ ನಿಮ್ಮ ಸ್ವರವೂ ಏಳಲಿ." ವಾರಗಟ್ಟಲೆ ಅದೇ ಅಭ್ಯಾಸವಾಯಿತು. ಆ ಜಾಗ ಬಂತೆಂದರೆ ಇಡೀ ವೃಂದದ ಕಣ್ಣು ಬ್ರೇಕಕ್ಕನ ಕಮಾನಿನ ತುದಿಗೆ.

ಹೆಸರಾಂತ ವಾದಕ ಬಂದದ್ದು ಕಛೇರಿಯ ಹಿಂದಿನ ಸಂಜೆ, ಅದೂ ತಡವಾಗಿ. ರೈಲು ಕೈಕೊಟ್ಟಿತ್ತಂತೆ. ಸಭ್ಯ ಹುಡುಗ, ನಗುಮುಖ. ಬೈಯೋಣವೆಂದರೂ ಕಾರಣ ಸಿಗದ ಥರ, ಅದು ಬೇರೆ ಉರಿ. ಮೊದಲ ಭಾಗದ ಆರಂಭ, ಕೊನೆಯ ಭಾಗದ ಅಂತ್ಯ ನುಡಿಸಿ, "ಮಧ್ಯದ್ದು ನಿಧಾನದ್ದು, ಅದಕ್ಕೇನೂ ತೊಂದರೆ ಇಲ್ಲ," ಅಂದ. ಮೇಷ್ಟ್ರು ತಲೆಯಾಡಿಸಿದರು. ಕಮಾನಿನ ವಿಷಯ ಅವರಿಗೆ ನೆನಪಾಗಲಿಲ್ಲ. ಬ್ರೇಕಕ್ಕನಿಗೆ ನೆನಪಿತ್ತು. ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ, ಕೇಳುವ ಪುಣ್ಯಾತ್ಮರು ಯಾರಿದ್ದರು?

ಕಛೇರಿಯ ದಿನ ಸಭಾಂಗಣ ತುಂಬಿ ಗೋಡೆಗೊರಗಿ ನಿಂತವರೂ ಇದ್ದರು. ಅತ್ತೆ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಉಣ್ಣೆ ಇಲ್ಲದೆ, ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಮೊದಲ ಭಾಗ ಸೊಗಸಾಗಿ ಹೋಯಿತು, ಸುಳ್ಳು ಯಾಕೆ ಹೇಳಬೇಕು. ಹುಡುಗನ ಕೈಯಲ್ಲಿ ಗುಣ ಇತ್ತು. ಎರಡನೆಯ ಭಾಗದಲ್ಲಿ ಅವನು ಮೆಟ್ಟಿಲು ಹತ್ತಿದ, ಉಸಿರೆಳೆಯುವಷ್ಟು ನಿಂತ, ತುದಿಯ ಸ್ವರ ಎತ್ತಿದ. ವೃಂದ ಏಳಲಿಲ್ಲ.

ಒಬ್ಬರೂ ಏಳಲಿಲ್ಲ. ಪಿಟೀಲುಗಳು, ಕೊಳಲುಗಳು, ತುತ್ತೂರಿ, ಎಲ್ಲರ ಕಣ್ಣೂ ಅಭ್ಯಾಸಬಲದಿಂದ ಬ್ರೇಕಕ್ಕನ ಕಮಾನು ಹುಡುಕುತ್ತಾ ಹಿಂದಕ್ಕೆ ಹರಿದು, ಚೆಲ್ಲೋ ಸಾಲಿನ ಕಟ್ಟಕಡೆಯ ಕುರ್ಚಿಗೆ ಬಂದು ನಿಂತಿದ್ದವು. ಅಲ್ಲಿ ಬ್ರೇಕಕ್ಕ ಕೂತಿದ್ದಳು, ಕಮಾನು ಮಂಡಿಯ ಮೇಲೆ. ಮೇಷ್ಟ್ರು ಕೋಲು ಬೀಸಿದ್ದನ್ನು ನೋಡಿದವರೇ ಇಲ್ಲ. ಹುಡುಗನ ಸ್ವರ ಒಂಟಿಯಾಗಿ ಸ್ವಲ್ಪ ಹೊತ್ತು ಎಳೆದು, ತೆಳುವಾಗಿ, ಆರಿಹೋಯಿತು. ಅವನು ಕತ್ತು ತಿರುಗಿಸಿ ಎಲ್ಲರೂ ಎತ್ತ ನೋಡುತ್ತಿದ್ದಾರೆಂದು ನೋಡಿದ. ಅವನೂ ಅವಳನ್ನೇ ನೋಡಿದ.

ಇಡೀ ಸಭಾಂಗಣದಲ್ಲಿ ಒಂದು ಕೆಮ್ಮೂ ಇಲ್ಲ. ಮೇಷ್ಟ್ರ ಕೋಲು ಗಾಳಿಯಲ್ಲಿ ಅಂಗಲಾಚುತ್ತಿತ್ತು. ಬ್ರೇಕಕ್ಕ ಕಮಾನು ಎತ್ತಲಿಲ್ಲ. ಬೀಳಲಿ, ಎಂದುಕೊಂಡಳು. ಇವರ ಪೋಸ್ಟರು, ಇವರ ಬೆಣ್ಣೆ ಮಾತು, ಎಲ್ಲ ಈ ಜನರ ಕಣ್ಣೆದುರು ದಬ್ಬನೆ ಬೀಳಲಿ. ಅವಳ ಬಲಗಾಲು ವೇದಿಕೆಯ ಹಲಗೆಯನ್ನು ಒತ್ತುತ್ತಲೇ ಇತ್ತು. ಆಗ ಕಂಡದ್ದು ಬೀಗದವನ ಮುಖ. ನಾಲ್ಕು ರಸ್ತೆ ಸೇರುವಲ್ಲಿ ಎಂಜಿನ್ ನಿಂತುಹೋದಾಗ ಕಲಿಯುವವರು ತಿರುಗಿ ನೋಡುವ ಮುಖ ಅದು. ಅವನೇನು ಮಾಡಿದ್ದ, ಪಾಪ? ನರ್ಸಮ್ಮ ಏನು ಮಾಡಿದ್ದಳು? ಅವಳು ಹಲ್ಲು ಕಚ್ಚಿ ಇನ್ನೂ ಒಂದು ಗಳಿಗೆ ಕಾಯಿಸಿದಳು, ಅದು ತನಗಾಗಿ. ಆಮೇಲೆ ಕಮಾನು ಎತ್ತಿದಳು. ಹುಡುಗ ಅವಳ ಜೊತೆಯಲ್ಲೇ ಎತ್ತಿದ. ವೃಂದಕ್ಕೆ ವೃಂದವೇ ಎದ್ದು, ತುದಿಯ ಸ್ವರ ಚಾವಣಿಗೆ ಹೋಗಿ ತಗುಲಿತು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹುಡುಗನಿಗೆ.

ಪತ್ರಿಕೆಯಲ್ಲಿ ಏನು ಬಂತು ಗೊತ್ತೇ? ಯುವ ವಾದಕ ಎರಡನೆಯ ಭಾಗದಲ್ಲಿ ತೋರಿದ ಮೌನದ ಧೈರ್ಯ ಅಪರೂಪದ್ದು, ಅಂತ. ಓದಿ ಅತ್ತೆ ಆ ಪತ್ರಿಕೆಯನ್ನು ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಳು. ಕಛೇರಿ ಮುಗಿದ ಕೂಡಲೇ ಹುಡುಗನಂತೂ ವೇದಿಕೆಯ ಹಿಂದೆ ಬ್ರೇಕಕ್ಕನನ್ನು ಹುಡುಕಿಕೊಂಡು ಬಂದಿದ್ದ.

"ಆ ನಿಲುಗಡೆ ನಿಮ್ಮದು, ಅಲ್ವಾ?"

"ನಂದೇ."

"ತುಂಬ ಚೆನ್ನಾಗಿದೆ. ಬೇರೆ ಕಡೆಯೂ ಹಾಗೇ ನುಡಿಸ್ತೀನಿ, ನಿಮ್ಮ ಅಭ್ಯಂತರ ಇಲ್ದಿದ್ರೆ."

ಹುಡುಗ ಒಳ್ಳೆ ಮನಸ್ಸಿನಿಂದಲೇ ಕೇಳಿದ್ದ. ಅದಕ್ಕೇ ಇನ್ನಷ್ಟು ಉರಿದದ್ದು. "ಕುರ್ಚಿ ತಗೊಂಡಿದ್ದಾಯ್ತು," ಎಂದಳು ಬ್ರೇಕಕ್ಕ, "ನಿಲುಗಡೆ ಯಾಕೆ ಬಿಟ್ಟು ಹೋಗ್ತೀರಿ, ಅದನ್ನೂ ತಗೊಂಡು ಹೋಗಿ." ಅವನು ಕೆಂಪಾಗಿ, ಬಗ್ಗಿ ನಮಸ್ಕರಿಸಿ ಹೋದ.

ಮತ್ತೆ ಚಳಿ ಬಂತು. ಹೊಸ ಸೀಸನ್‌ನ ಮೊದಲ ರಿಹರ್ಸಲ್. ಎದುರಿಗೆ ಖಾಲಿ ಸೀಟು, ಕತ್ತಲು, ಅತ್ತೆಯ ಸೂಜಿಗಳ ಟಕಟಕ. ಮುಂಭಾಗದಲ್ಲಿ ಬದಲಿಯ ಕುರ್ಚಿ. ಬ್ರೇಕಕ್ಕ ಒಳಗೆ ಬಂದವಳು ನೆಟ್ಟಗೆ ಕಟ್ಟಕಡೆಯ ಜಾಗಕ್ಕೆ ಹೋಗಿ ಕೂತಳು.

"ಇಲ್ಲಿ ಬನ್ನಿ," ಎಂದರು ಮೇಷ್ಟ್ರು.

"ನನ್ನ ಜಾಗದಲ್ಲಿ ಕೂತಿದ್ದೀನಲ್ಲ ಸಾರ್."

ಮೇಷ್ಟ್ರು ಕೆಳಗಿಳಿದು ಅವಳ ಹತ್ತಿರವೇ ಬಂದು ದನಿ ತಗ್ಗಿಸಿದರು. "ಹೋದ ಸಲದ್ದು ನನ್ನ ತಪ್ಪು. ಈ ಸಲದ ಕೊನೆಯ ಕಛೇರಿ ನಿಮ್ಮದೇ. ಮಾತು ಕೊಡ್ತೀನಿ."

"ಜೋರಾಗಿ ಹೇಳಿ ಸಾರ್. ಪೆಟ್ಟಿಗೆ ಕೋಣೆ ಅಲ್ಲ ಇದು." ವೃಂದ ಪೂರ್ತಿ ಕಿವಿ ನೆಟ್ಟಿತ್ತು. ಬ್ರೇಕಕ್ಕ ಕಮಾನಿನ ಬಿಗುವು ಸರಿಮಾಡುತ್ತಾ ಹೇಳಿದಳು, "ಮಾತು ಹೋದ ವರ್ಷವೂ ಕೊಟ್ಟಿದ್ರಿ. ಈ ಸಲ ಪೋಸ್ಟರ್ ಅಂಟಿಸಿ. ನನ್ನ ಮುಖ ಇರೋದು. ಅದು ಗೋಡೆ ಮೇಲೆ ಕಂಡ ದಿನ ಆ ಕುರ್ಚಿಗೆ ಬರ್ತೀನಿ. ಅಲ್ಲಿತನಕ ನಾನು ಚೆಲ್ಲೋ ಸಾಲಿನವಳು."

"ಹಾಗಂದ್ರೆ ಹೇಗೆ? ಏಕವಾದಕರ ಪಾಲು ಯಾರು ನುಡಿಸ್ತಾರೆ?"

ಬ್ರೇಕಕ್ಕ ಚೆಲ್ಲೋ ಸಾಲಿನ ಪಾಲಿನ ಹಾಳೆ ತೆರೆದಳು. ಮೇಷ್ಟ್ರು ಹಿಂದಿರುಗಿ ಕೋಲು ಎತ್ತಿದರು. ವೃಂದ ನುಡಿಸಿತು: ಹಿಂದೆ ನಿಂತು ತಾಳ ಹಾಕುವ ಸದ್ದು, ಪಕ್ಕದಿಂದ ಒತ್ತಾಸೆಯ ಸದ್ದು, ಹಾಡು ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಆ ಏನೂ ಇಲ್ಲದ್ದರ ಸುತ್ತ ಎಲ್ಲರೂ ತಮ್ಮ ತಮ್ಮ ಪಾಲನ್ನು ಶ್ರದ್ಧೆಯಿಂದ ನುಡಿಸಿದರು. ಕತ್ತಲಲ್ಲಿ ಸೂಜಿಗಳ ಸದ್ದು ನಿಂತಿತು.

"ಮೇಷ್ಟ್ರೇ," ಎಂದಳು ಅತ್ತೆ, "ಹಾಡೆಲ್ಲಿ?"

ಮೇಷ್ಟ್ರ ಕೋಲು ನಿಂತಿತು, ವೃಂದವೂ ನಿಂತಿತು. ಎಲ್ಲರ ಕಣ್ಣೂ ಹಿಂದಕ್ಕೆ ಹರಿದವು. ಬ್ರೇಕಕ್ಕ ಕಮಾನನ್ನು ಮಂಡಿಯ ಮೇಲಿಟ್ಟುಕೊಂಡು, ಬಲಗಾಲು ನೆಲಕ್ಕೊತ್ತಿ ಕೂತಿದ್ದಳು, ಮತ್ತು ಈ ಸಲ ಎತ್ತಲಿಲ್ಲ.