ನಲ್ಲಿಗೆ ಕಟ್ಟಿದ ಅರಿವೆ

ಬೋರಣ್ಣ ಆರಾಮವಾಗಿ ಕಳೆದ ಕೊನೆಯ ರಜೆ ಆ ಭಾನುವಾರ. ದಾವಣಗೆರೆ ಜಿಲ್ಲೆಯಾದ ಮರುವರ್ಷದ ಬೇಸಿಗೆ ಅದು. ಹರಿಹರದಲ್ಲಿ ಅವನ ಅಕ್ಕ ಕಾಟಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಬೋರಣ್ಣ, ಹೆಂಡತಿ ಉಡಚಮ್ಮ, ಮಗಳು ಸುಧಾ ಮೂವರೂ ಹೋಗಿ ಹೋಳಿಗೆ ಉಂಡು ಸಂಜೆ ಬಸ್ಸು ಹತ್ತಿದರು. ಕೂರಲು ಜಾಗವಿರಲಿಲ್ಲ. ಬೋರಣ್ಣ ಕಂಬಿ ಹಿಡಿದು ನಿಂತಲ್ಲೇ ತೂಕಡಿಸಿದ.

"ಎಷ್ಟು ಹೋಳಿಗಿ ಹೊಡುದ್ರಿ? ನಿಂತಲ್ಲೇ ನಿದ್ದಿ ಬಂದೈತಲ್ಲ" ಎಂದಳು ಉಡಚಮ್ಮ.

"ನಮ್ಮಕ್ಕ ಕೈ ಬಿಚ್ಚಿ ಹಾಕ್ತಾಳ. ನಿಮ್ಮವ್ವನಂಗೆ ಎಣಿಸಿ ಹಾಕಂಗಿಲ್ಲ."

ಪಕ್ಕದಲ್ಲಿ ನಿಂತಿದ್ದ ಹೆಂಗಸು ಮುಖ ತಿರುಗಿಸಿ ನಕ್ಕಳು. ಉಡಚಮ್ಮ ಗಂಡನ ಕಾಲು ತುಳಿದಳು.

ದಾವಣಗೆರೆಯ ನಿಟ್ಟುವಳ್ಳಿಯ ತಮ್ಮ ಓಣಿಗೆ ಕಾಲಿಡುವಷ್ಟರಲ್ಲಿ ನೀರು ಬಂದಿತ್ತು. ಅಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಅದೂ ಸಣ್ಣಗೆ. ನೆಲದ ಮೇಲಿನ ನಲ್ಲಿಗೆ ಏರುತ್ತಿರಲಿಲ್ಲ. ಅದಕ್ಕೇ ಮನೆಮನೆಯ ಮುಂದೂ ಗುಂಡಿ ತೋಡಿ, ಪೈಪು ತಗ್ಗಿಸಿ, ನಲ್ಲಿ ಬಿಚ್ಚಿಟ್ಟು, ಬರೀ ಪೈಪಿನ ಬಾಯಿಗೆ ಕೊಡ ಹಿಡಿಯುತ್ತಿದ್ದರು. ಬೋರಣ್ಣನ ಗುಂಡಿ ಸೊಂಟದಷ್ಟು ಆಳ. ಪಕ್ಕದಲ್ಲೇ ಚರಂಡಿ. ಗುಂಡಿಯ ತಳದಲ್ಲಿ ಸದಾ ಒಂದಿಷ್ಟು ಕರೀ ನೀರು ಒಸರಿ ನಿಂತಿರುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಪೈಪಿನ ಬಾಯಿಗೆ ಸೋಸಲು ಅರಿವೆ ಇರುತ್ತಿತ್ತಲ್ಲ.

ಬೋರಣ್ಣನ ಅರಿವೆ ಓಣಿಯಲ್ಲೇ ಚೊಕ್ಕ. ಹಳೇ ಪಂಚೆಯ ತುಂಡನ್ನು ಮಡಚಿ, ಚಿಂದಿಯಿಂದ ಬಿಗಿದು ಕಟ್ಟಿದ್ದ. ತುದಿ ಉದ್ದಕ್ಕೆ ಕೆಳಗೆ ಇಳಿಬಿದ್ದಿತ್ತು.

"ಹುಳ ಹೋಗ್ಲಿ, ಹುಳದ ಮರಿನೂ ದಾಟಂಗಿಲ್ಲ ಇದನ್ನ" ಎನ್ನುತ್ತಿದ್ದ.

ಕೊಡಗಳು ತುಂಬಿದವು. ನೀರು ನಿಂತಿತು. ನಿಲ್ಲುವಾಗ ಪೈಪಿನೊಳಗೆ ಗೊಳಗೊಳ ಸದ್ದಾಗುವುದು ಸುಧಾಳಿಗೆ ಆಟ. ಗುಂಡಿಯ ಅಂಚಿಗೆ ಕೂತು ಕಿವಿಗೊಟ್ಟಳು.

"ಅಪ್ಪಾ, ನಲ್ಲಿ ನೀರು ಕುಡೀತೈತೆ ನೋಡು!"

"ಕುಡೀಲಿ ಬಿಡು. ಅದಕ್ಕೂ ಬ್ಯಾಸಗಿ."

ಅವನು ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ಅಕ್ಕಿ ಹುರಿಯುವ ಆಳು. ರಜೆಯ ದಿನವೂ ಬಾಯಾರಿಕೆ ಬಿಡುತ್ತಿರಲಿಲ್ಲ. ಒಂದು ಚರಿಗೆ ನೀರನ್ನು ಎತ್ತಿದ ಕೈ ಇಳಿಸದೆ ಕುಡಿದ.

ಮಂಗಳವಾರ ಬೆಳಗ್ಗೆ ಅವನಿಗೆ ಭೇದಿ ಶುರುವಾಯಿತು. ಹೋಗಿ ಬಂದು ಕೂತ, ಮತ್ತೆ ಎದ್ದ. ಆಮೇಲೆ ಏಳುವುದಕ್ಕೂ ಆಗಲಿಲ್ಲ. ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿತ್ತು. ಜೊತೆಗೆ ವಾಂತಿ. ಓಣಿಯ ಹಿರಿಯ ಉಚ್ಚಂಗೆಪ್ಪ ಬಂದು ಬಾಗಿಲಲ್ಲಿ ನಿಂತ.

"ನೀರು ಕೊಡಬ್ಯಾಡ ತಂಗಿ. ಕುಡಿಸಿದಷ್ಟೂ ಹೋಗ್ತೈತೆ. ಬಾಯಿ ಒದ್ದಿ ಮಾಡು, ಸಾಕು."

ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಉಡಚಮ್ಮ ಜಾಜಿಕಾಯಿ ತೇಯ್ದು ನೆಕ್ಕಿಸಿದಳು. ಬೆರಳು ಅದ್ದಿ ತುಟಿ ಒರೆಸಿದಳು. ಅವನು ಬೆರಳನ್ನೇ ಚೀಪಿದ.

"ಉಡಚೀ, ನೀರು" ಎಂದ.

"ತಡೀರಿ, ನಿಲ್ಲಲಿ."

ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಳಗೆ ಹೋದವು. ಕಾಲಿನ ಮೀನಖಂಡ ಗಂಟು ಕಟ್ಟಿತು. ಓಣಿಯ ಕೊನೆಯ ಮನೆಯ ಹಜೀರಾಬೀ ತನ್ನ ಗಂಡನ ಆಟೋ ತರಿಸಿದಳು. ಆಸ್ಪತ್ರೆಯಲ್ಲಿ ಸೂಜಿ ಹಾಕಲು ನರ ಹುಡುಕುತ್ತಿರುವಾಗಲೇ ಅವನು ಹೋಗಿಬಿಟ್ಟ. ಬೆಳಗ್ಗೆ ಇದ್ದ ಗಂಡಸು ಸಂಜೆಗೆ ಮಣ್ಣಾದ.

ಅಳುವುದಕ್ಕೆ ಭಯ ಜಾಗ ಕೊಡಲಿಲ್ಲ. ಮರುದಿನ ಎದುರು ಮನೆಯ ಮುದುಕಿ ಮಲಗಿದಳು. ಆಮೇಲೆ ಇತ್ತ ಪಕ್ಕದ ಮನೆಯ ಸೊಸೆ. ಉಡಚಮ್ಮ ಸುಧಾಳನ್ನು ಮಡಿಲಿಂದ ಇಳಿಸಲಿಲ್ಲ. ಗಳಿಗೆಗೊಮ್ಮೆ ಮಗಳ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಗಂಡನನ್ನು ಕೊಂದದ್ದು ಎಲ್ಲಿಂದ ಬಂತು? ಹೊರಗೆ ತಿಂದದ್ದು ಹರಿಹರದಲ್ಲಿ ಮಾತ್ರ. ಹಾಗಾದರೆ ಆ ಹೋಳಿಗೆಯೇ. ಅದನ್ನು ಸುಧಾಳೂ ತಿಂದಿದ್ದಾಳೆ.

ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಡುವವರೆಗೆ ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ನೆಂಟರು ಬುತ್ತಿ ತರಬೇಕು. ಕಾಟಮ್ಮ ರೊಟ್ಟಿ, ಪಲ್ಯ, ಅನ್ನ ಹೊತ್ತು ಹರಿಹರದಿಂದ ಬಂದಳು. ಉಡಚಮ್ಮ ಗಂಟು ಬಿಚ್ಚಲೂ ಬಿಡಲಿಲ್ಲ.

"ನಿಮ್ಮನಿ ಅನ್ನ ಬ್ಯಾಡಕ್ಕ. ಒಂದು ಜೀವ ಹೋಗೈತೆ. ಇದೊಂದು ಉಳಿದೈತೆ."

ಕಾಟಮ್ಮ ಎದೆ ಬಡಿದುಕೊಂಡಳು. "ಎತ್ತಿ ಆಡಿಸಿದ ತಮ್ಮಗೆ ನಾ ವಿಷ ಇಕ್ಕಿದೆನೇನೇ?"

ಉಡಚಮ್ಮ ಗಂಟನ್ನು ಹೊಸ್ತಿಲಾಚೆ ಸರಿಸಿದಳು. ಮಗಳಿಗೆ ಅವಳು ಕೊಟ್ಟದ್ದು ಒಣ ಮಂಡಕ್ಕಿ ಮತ್ತು ತನ್ನ ಮನೆಯ ನೀರು. ಅದೊಂದರ ಮೇಲೆ ಅವಳಿಗೆ ನಂಬಿಕೆಯಿತ್ತು. ಮಂಗಳವಾರ ಬರಬೇಕಿದ್ದ ನೀರು ಒಂದು ದಿನ ತಡವಾಗಿ ಅಂದು ಬಂದಾಗ ಗುಂಡಿಗೆ ಇಳಿದು, ಪಂಚೆಯ ಉಳಿದರ್ಧವನ್ನೂ ಮೊದಲಿನ ಅರಿವೆಯ ಮೇಲೆ ಕಟ್ಟಿ ಬಂದಳು.

ಗುರುವಾರ ಬೆಳಗ್ಗೆ ಸುಧಾ ಹೊಟ್ಟೆ ಹಿಡಿದುಕೊಂಡಳು. ಅದೇ ಬಿಳೀ ನೀರು.

ಉಚ್ಚಂಗೆಪ್ಪ ಮತ್ತೆ ಬಾಗಿಲಿಗೆ ಬಂದು ಅದೇ ಮಾತು ಹೇಳಿದ. ಸುಧಾ "ಅವ್ವಾ, ನೀರು" ಎಂದಳು. ಅಪ್ಪನ ದನಿಯೇ. ಉಡಚಮ್ಮ ಬೆರಳು ಅದ್ದಿದಳು. ಆ ಬೆರಳು ನೋಡಿಕೊಂಡು ಹಾಗೇ ಕೂತಳು.

ಅದೇ ಹೊತ್ತಿಗೆ ಮೆಡಿಕಲ್ ಕಾಲೇಜಿನಿಂದ ಬಂದಿದ್ದ ಡಾಕ್ಟರಮ್ಮ ರೂಪಶ್ರೀ ಓಣಿಯಲ್ಲಿ ಮನೆಮನೆ ತಿರುಗುತ್ತಿದ್ದಳು. ಮಲಗಿದವರ ಮನೆಗೂ ಹೋಗುತ್ತಿದ್ದಳು, ಆರಾಮಿದ್ದ ಹಜೀರಾಬೀಯ ಮನೆಗೂ ಹೋಗಿದ್ದಳು. ಅದನ್ನು ಕಂಡಿದ್ದ ಉಡಚಮ್ಮ, ಡಾಕ್ಟರಮ್ಮ ಒಳಗೆ ಬರುತ್ತಲೇ ಸಿಡಿದಳು.

"ಸಾಯೋರು ಇಲ್ಲಿದ್ದೀವಿ. ಗುಂಡುಕಲ್ಲಿನಂಗೆ ಇರೋರ ಮನ್ಯಾಗ ನಿಮಗೇನ್ರಿ ಕೆಲಸ?"

"ಅವರು ಯಾಕೆ ಉಳಿದರು ಅಂತ ಗೊತ್ತಾಗದೆ, ನಿಮಗೆ ಯಾಕೆ ಬಂತು ಅಂತ ಹೇಗೆ ಹೇಳಲಮ್ಮ?" ಎನ್ನುತ್ತಲೇ ಡಾಕ್ಟರಮ್ಮ ಸುಧಾಳ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಚರ್ಮ ನಿಧಾನವಾಗಿ ಇಳಿಯಿತು. "ಹರಿಹರದ ಊಟ ಅಂತೀರಂತೆ. ಅಲ್ಲಿ ಉಂಡವರಲ್ಲಿ ಬೇರೆ ಯಾರಿಗೆ ಆಗಿದೆ?"

ಅಂದೂ ಬುತ್ತಿ ಹೊತ್ತು ಬಂದು ಮೂಲೆಯಲ್ಲಿ ಕೂತಿದ್ದ ಕಾಟಮ್ಮ ತಲೆ ಎತ್ತಿದಳು. "ಓಣಿಗೆ ಓಣೀನೇ ಉಂಡೈತ್ರಿ. ಒಬ್ರಿಗೂ ಹೊಟ್ಟಿ ನೋಯಲಿಲ್ಲ."

"ಇಲ್ಲಿ ಮಲಗಿದ ಬೇರೆಯವರು ಹರಿಹರಕ್ಕೆ ಹೋಗಿದ್ರಾ?"

ಎದುರು ಮನೆಯ ಮುದುಕಿ ಹೊಸ್ತಿಲು ದಾಟಿ ವರ್ಷವಾಗಿತ್ತು. ಉಡಚಮ್ಮ ಕಾಟಮ್ಮನ ಕಡೆ ನೋಡಲಾರದೆ ಹೋದಳು.

"ಹಜೀರಾಬೀ ಕಡೆಯವರು ಕುಡಿಯೋದು ಬೋರಿಂಗ್ ನೀರು" ಎಂದಳು ಡಾಕ್ಟರಮ್ಮ. "ಮಲಗಿದವರೆಲ್ಲ ಗುಂಡಿ ನಲ್ಲಿಯವರು."

"ನಮ್ಮದು ಸೋಸಿದ ನೀರ್ರಿ!" ಉಡಚಮ್ಮ ಎದ್ದೇ ಬಿಟ್ಟಳು. "ಎರಡು ಪದರ ಕಟ್ಟೀನಿ. ಬರ್ರಿ, ನೋಡ್ರಿ."

ಡಾಕ್ಟರಮ್ಮ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಕೂತಳು. ಅರಿವೆಯ ತುದಿ ತಳದ ಕರೀ ನೀರಿನಲ್ಲಿ ಮುಳುಗಿತ್ತು. ಪೈಪಿನ ಬಾಯಿಯೂ ಅರ್ಧ ಮುಳುಗಿತ್ತು.

"ಇದು ಪಕ್ಕದ ಚರಂಡಿ ನೀರು. ಮೇಲಿಂದ ನೀರು ನಿಂತಾಗ ಪೈಪು ಇದನ್ನೇ ಒಳಗೆ ಎಳ್ಕೊಳ್ಳುತ್ತೆ. ಮುಂದಿನ ಸಲ ಬಿಟ್ಟಾಗ ಅದೇ ನಿಮ್ಮ ಕೊಡಕ್ಕೆ ಬರುತ್ತೆ. ಈ ರೋಗ ಬಟ್ಟೆಗೆ ಸಿಗೋದಲ್ಲಮ್ಮ."

ನಲ್ಲಿ ನೀರು ಕುಡೀತೈತೆ ನೋಡು! ಮಗಳು ಕೂಗಿದ್ದು ಉಡಚಮ್ಮನ ಕಿವಿಗೆ ಮತ್ತೆ ಬಡಿಯಿತು. ಅವಳು ಗುಂಡಿಯ ಕಲ್ಲು ಹಿಡಿದುಕೊಂಡಳು.

"ಈಗ ಮಗಳಿಗೆ ನೀರು ಕೊಡಿ. ಕೇಳಿದಷ್ಟೂ ಕೊಡಿ. ಒಣಗಿಸಿದರೆ ಹೋಗ್ತಾಳೆ" ಎಂದಳು ಡಾಕ್ಟರಮ್ಮ.

"ಆ ನೀರಾ?"

"ಕುದಿಸಿ, ಆರಿಸಿ, ಈ ಉಪ್ಪು-ಸಕ್ಕರೆ ಪುಡಿ ಕಲಸಿ ಕೊಡಿ. ವಾಂತಿ ಆದರೂ ಸ್ವಲ್ಪ ತಡೆದು ಮತ್ತೆ ಕೊಡಿ. ಉಚ್ಚೆ ಹೊಯ್ದರೆ ದಾರಿಗೆ ಬಂದಳು ಅಂತ. ಸಂಜೆವರೆಗೂ ಓಣೀಲೇ ಇರ್ತೀನಿ. ಕುಡಿಯೋದು ಬಿಟ್ಟರೆ, ಮಂಪರು ಹತ್ತಿದರೆ ತಕ್ಷಣ ಕೂಗಿ, ಆಸ್ಪತ್ರೆಗೆ ಹೋಗೋಣ."

ಕೊಂದದ್ದೂ ನೀರೇ, ಉಳಿಸಬೇಕಾದದ್ದೂ ನೀರೇ. ಉಡಚಮ್ಮ ಒಲೆಯ ಮುಂದೆ ಕೂತಳು. ಉಚ್ಚಂಗೆಪ್ಪ ತಡೆದ.

"ಒಲಿ ಹಚ್ಚಬ್ಯಾಡ ತಂಗಿ! ಇನ್ನೂ ಹಾಲುತುಪ್ಪ ಬಿಟ್ಟಿಲ್ಲ. ಸೂತಕದ ಮನ್ಯಾಗ ಬೆಂಕಿ ಕಂಡ್ರೆ ಇನ್ನೊಂದು ಹೋಗ್ತೈತೆ."

ಬಾಗಿಲಿಗೆ ಬಂದಿದ್ದ ಹಜೀರಾಬೀ ಅಂದಳು: "ನಮ್ಮನ್ಯಾಗ ಕಾಸಿ ತರ್ತೀನಿ ಅಕ್ಕ, ಕೊಡು ಪಾತ್ರಿ."

"ಬ್ಯಾಡವ್ವ. ನನ್ನ ಕಣ್ಣ ಮುಂದ ಕುದೀಬೇಕು."

ಉಡಚಮ್ಮ ಕಡ್ಡಿಪೆಟ್ಟಿಗೆ ತೆಗೆದಳು. ಕಡ್ಡಿ ಗೀರಿದರೆ ಆರಿತು, ಮತ್ತೆ ಗೀರಿದರೆ ಮುರಿಯಿತು. ಉಚ್ಚಂಗೆಪ್ಪನ ಮಾತು ನಿಜವಾದರೆ? ಹಿಂದೆ ಸುಧಾ ಓಕರಿಸಿದಳು. ಆಗ ಕಾಟಮ್ಮ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಕಡ್ಡಿಪೆಟ್ಟಿಗೆ ಕಸಿದುಕೊಂಡು ತಾನೇ ಗೀರಿದಳು.

"ಉಚ್ಚಂಗಣ್ಣ, ಸತ್ತೋನು ನನ್ನ ತಮ್ಮ. ಶಾಪ ತಟ್ಟೋದಿದ್ರೆ ನನಗ ತಟ್ಟಲಿ. ನೀ ಆ ಕಡಿ ಸರಿ, ಹೊಗಿ ಕಣ್ಣಿಗೆ ಹೊಡೀತೈತೆ."

ನೀರು ಕುದಿಯಿತು. ಆರಿಸಿ ಪುಡಿ ಕಲಸಿದರು. ಉಡಚಮ್ಮ ಮೊದಲ ಲೋಟ ತಾನು ಕುಡಿದಳು, ಏನೂ ಆಗದ್ದನ್ನು ನೋಡಿ ಮಗಳ ಬಾಯಿಗೆ ಹಿಡಿದಳು. ಸುಧಾ ಕಕ್ಕಿದಳು. ಮತ್ತೆ ಹಿಡಿದಳು. ಚಮಚದಿಂದ ಚಮಚಕ್ಕೆ, ಹೊರಗೆ ಬಿಸಿಲು ಗೋಡೆಯಿಂದ ಇಳಿದು ಅಂಗಳ ದಾಟುವವರೆಗೂ. ಡಾಕ್ಟರಮ್ಮ ಎರಡು ಸಲ ಬಂದು ನಾಡಿ ಹಿಡಿದು ಹೋದಳು.

ದೀಪ ಹಚ್ಚುವ ಹೊತ್ತಿಗೆ ಸುಧಾ ಸಣ್ಣಗೆ ಅಂದಳು: "ಅವ್ವಾ, ಉಚ್ಚೆ."

ಬೋರಣ್ಣ ಸತ್ತ ಮೇಲೆ ಉಡಚಮ್ಮ ಅತ್ತದ್ದು ಆಗಲೇ. ಅವನೂ ನೀರು ಕೇಳಿದ್ದ. ಅತ್ತು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಅಕ್ಕಾ, ಬುತ್ತಿ ಇನ್ನೂ ಐತೇನು?"

"ನಿನ್ನಿದು ಆಕಳಿಗೆ ಹಾಕ್ದೆ. ಇವತ್ತಿಂದು ಐತೆ. ಉಣ್ಣು ಬಾ ಹುಚ್ಚಿ."

ಮುಂದೆ ಆ ಗುಂಡಿಗಳನ್ನೆಲ್ಲ ಮುಚ್ಚಿಸಿದರು. ಹೊಸ ಪೈಪು ಬಂತು, ನಲ್ಲಿ ನೆಲದ ಮೇಲೆ ಬಂತು, ನೀರಿಗೆ ಔಷಧಿಯ ವಾಸನೆಯೂ ಬಂತು. ಈಗ ಹೆದರಬೇಕಾದ್ದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಉಡಚಮ್ಮ ಹೂಂ ಅನ್ನುತ್ತಾಳೆ. ಬೆಳಗ್ಗೆ ಎದ್ದು, ಕಸ ಗುಡಿಸುವುದಕ್ಕೂ ಮೊದಲು, ನೀರಿನ ಪಾತ್ರೆ ಒಲೆಗಿಡುತ್ತಾಳೆ. ಯಾರು ಕರೆದರೂ ಎದ್ದು ಹೋಗುವುದಿಲ್ಲ. ಕುದಿ ಉಕ್ಕಿ ಮುಚ್ಚಳ ಕುಣಿಯುವವರೆಗೂ ನೋಡುತ್ತಾ ಕೂರುತ್ತಾಳೆ. ಆರಿದ ಮೇಲೆ ಒಂದು ಲೋಟ ತಾನು ಕುಡಿದು, ಅಂಗಳ ಸಾರಿಸಿ, ಪಾತ್ರೆ ಬೆಳಗಿ, ತನ್ನ ಹೊಟ್ಟೆಯ ಮೇಲೊಮ್ಮೆ ಕೈ ಆಡಿಸಿ ನೋಡಿಕೊಳ್ಳುತ್ತಾಳೆ. ಆಮೇಲೆ ಸುಧಾಳ ಬಾಟಲಿ ತುಂಬಿಸುತ್ತಾಳೆ.