ಲಿಫ್ಟ್ ಹತ್ತಿದ ಡುರಿಯನ್

ಕೊರೋನಾ ಕಾಲದಲ್ಲಿ ಮಾಂಟ್ ಕಿಯಾರಾ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿದ್ದ ರಾಜನ್ ಅಂಕಲ್ ಮನೆಗೆ, ಅವರಿಗೆ ಫಿಸಿಯೋಥೆರಪಿ ಮಾಡಿಸಲು ಹೋಗುತ್ತಿದ್ದೆ. ಪಾರ್ಶ್ವವಾಯುವಿನಿಂದ ವೀಲ್‌ಚೇರ್ ಸೇರಿದ್ದ ಅವರ ಬ್ಯಾಂಕ್ ಕಾರ್ಡ್ ಮಾತ್ರ ಅವರನ್ನು ನೋಡಿಕೊಳ್ಳುವ ಶೇಖರನ ಜೇಬಿನಲ್ಲಿರುತ್ತಿತ್ತು. ತಿಂಗಳು ಮುಗಿಯುವ ಮೊದಲೇ ಪೆನ್ಷನ್ ಖಾಲಿ. ಅಂಕಲ್ ಕೇಳಿದರೆ, ಆ ಊರಿನವರ ಧಾಟಿಯಲ್ಲೇ, "ತರಕಾರಿ ರೇಟು ಏರಿದೆ ಲಾ, ಅಂಕಲ್." ಅಂಕಲ್‌ಗೆ ಅನುಮಾನವಿತ್ತು, ಆದರೆ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿ ಕೂರಿಸುವವನ ಹತ್ತಿರ ಜಗಳ ಆಡುವುದು ಹೇಗೆ?

ಒಂದು ದಿನ ಶೇಖರ ಅಂಗಡಿಯಿಂದ ಬಂದ ಕೂಡಲೇ ಮನೆಯೆಲ್ಲ ಡುರಿಯನ್ ಘಾಟು, ಹಲಸಿನ ಹಾಗೆ ಮುಳ್ಳಿರುವ, ಮೈಲಿ ದೂರಕ್ಕೆ ನಾರುವ ಹಣ್ಣು. ನನ್ನ ಎರಡು ಮಾಸ್ಕನ್ನೂ ದಾಟಿ ಬಂತು.

"ಏನು ತಂದೆಯಪ್ಪಾ?" ಎಂದರು ಅಂಕಲ್.

"ಬರೀ ತರಕಾರಿ, ಅಂಕಲ್."

ಪಾಪ, ಕೊರೋನಾ ಬಂದು ಹೋದ ಮೇಲೆ ಅವನ ಮೂಗಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಡುರಿಯನ್ ಚಟ ಮಾತ್ರ ಹಾಗೇ ಉಳಿದಿತ್ತು.

ಅಷ್ಟರಲ್ಲಿ ಸೆಕ್ಯುರಿಟಿಯವನು ಬಾಗಿಲಿಗೆ ಬಂದ. "ಲಿಫ್ಟೆಲ್ಲ ನಾರುತ್ತಿದೆ, ಅದರಲ್ಲಿ ಡುರಿಯನ್ ತರುವ ಹಾಗಿಲ್ಲ. ಯಾರದ್ದು? ದಂಡ ಕಟ್ಟಬೇಕು."

ಶೇಖರ ಗಾಬರಿಬಿದ್ದ. "ನಂದಲ್ಲ! ಅಂಕಲ್ ಕಾರ್ಡಲ್ಲಿ ತಗೊಂಡಿದ್ದು, ಅಂಕಲ್‌ದೇ! ಯಾವಾಗ್ಲೂ ಅವರ ಕಾರ್ಡಲ್ಲೇ ತಗೊಳ್ಳೋದು!"

ಅಂಕಲ್ ವೀಲ್‌ಚೇರ್ ಅಲ್ಲಾಡುವ ಹಾಗೆ ನಕ್ಕರು. "ಸರಿ, ಹಣ್ಣು ನಂದೇ. ಕಾರ್ಡೂ ನಂದೇ. ಎರಡೂ ಇಲ್ಲಿ ಕೊಡು."

ಶೇಖರನನ್ನು ಕಳಿಸಿದ್ದ ಏಜೆನ್ಸಿಗೆ ನನ್ನಿಂದ ಫೋನ್ ಮಾಡಿಸಿ, ನಾಳೆಯಿಂದ ಬೇರೆಯವರನ್ನು ಕಳಿಸಿ ಅಂದರು. ದಂಡವನ್ನು ಬಹುಮಾನ ಕೊಟ್ಟಷ್ಟು ಖುಷಿಯಿಂದ ಕಟ್ಟಿದರು. ಆಮೇಲೆ ಅಂಕಲ್, ನಾನು ಇಬ್ಬರೂ ಕೂತು ಹಣ್ಣನ್ನು ಪೂರ್ತಿ ಮುಗಿಸಿದೆವು.

ದಿನಾ ಬೇರೆಯವರಿಗೆ ವ್ಯಾಯಾಮ ಹೇಳುವ ನಾನು ಅವತ್ತು ಹದಿನಾಲ್ಕು ಮಹಡಿ ನಡೆದೇ ಇಳಿದೆ. ಬಾಯಲ್ಲಿ ಆ ವಾಸನೆ ಇಟ್ಟುಕೊಂಡು ಲಿಫ್ಟ್ ಹತ್ತುವ ಧೈರ್ಯ ಯಾರಿಗಿದೆ ಹೇಳಿ?